ಮ್ಯಾನೇಜರ್ ಔಟ್ ಅನ್ನೋಕೆ ಮುಂಚೆ

ನಮ್ಮ ಹಾಸ್ಟೆಲ್ ಕಾಮನ್ ರೂಮಲ್ಲಿ ಪ್ರೀಮಿಯರ್ ಲೀಗ್ ನೋಡೋರಿಗೆಲ್ಲ ಒಂದು ಅಭ್ಯಾಸ ಇದೆ. ನಮ್ಮ ತಂಡ ಸತತ ಎರಡು ಮ್ಯಾಚ್ ಸೋತರೆ ಸಾಕು, ವಾಟ್ಸಾಪ್ ಗ್ರೂಪಲ್ಲಿ ಮ್ಯಾನೇಜರ್ ಹೆಸರಿನ ಮುಂದೆ ‘ಔಟ್’ ಅಂತ ಸೇರಿಸಿ ಕಳಿಸೋದು. ನಾವೂ ಕಳಿಸಿದ್ದೇವೆ, ಸುಳ್ಳು ಯಾಕೆ ಹೇಳೋದು? ಬೆಳಗ್ಗೆ ಮ್ಯಾಥ್ಸ್ ಇಂಟರ್ನಲ್ಸ್ ಇಟ್ಕೊಂಡು, ರಾತ್ರಿ ಎರಡು ಗಂಟೆಗೆ, ಎಲ್ಲೋ ಇಂಗ್ಲೆಂಡಲ್ಲಿರೋ ಐವತ್ತು ದಾಟಿದ ಒಬ್ಬ ಮನುಷ್ಯನಿಗೆ ಕೆಲಸ ಬರಲ್ಲ ಅಂತ ತೀರ್ಪು ಕೊಟ್ಟು ಮಲಗಿದ್ದೇವೆ.

ಈ ಕೆಲಸ ಅವರಿಗೆ ಯಾರು ಕಲಿಸ್ತಾರೆ ಅನ್ನೋದು ನಮಗೆ ಚೆನ್ನಾಗಿ ಗೊತ್ತು. ಅದು ನಮ್ಮ ಇಷ್ಟದ ವಿಷಯ. ಯೊಹಾನ್ ಕ್ರೈಫ್ ಶಿಷ್ಯ ಪೆಪ್ ಗಾರ್ಡಿಯೋಲಾ, ಗಾರ್ಡಿಯೋಲಾ ಪಕ್ಕದಲ್ಲಿ ಮೂರೂವರೆ ವರ್ಷ ಅಸಿಸ್ಟೆಂಟ್ ಆಗಿ ಕೂತು 2019ರ ಡಿಸೆಂಬರಲ್ಲಿ ಆರ್ಸೆನಲ್‌ಗೆ ಹೋದ ಅರ್ಟೆಟಾ. ಮೈನ್ಸ್ ತಂಡದಲ್ಲಿ ಸಾಧಾರಣ ಆಟಗಾರನಾಗಿದ್ದ ಯರ್ಗನ್ ಕ್ಲಾಪ್‌ಗೆ ಫುಟ್‌ಬಾಲನ್ನು ಬೇರೆ ಥರ ನೋಡೋದು ಕಲಿಸಿದ್ದು ವೋಲ್ಫ್‌ಗಾಂಗ್ ಫ್ರಾಂಕ್ ಅನ್ನೋ ಕೋಚ್. ಈ ವಂಶಾವಳಿಯ ಒಂದು ಕೊಂಬೆ ನಮ್ಮ ಕಂಠೀರವ ಸ್ಟೇಡಿಯಂಗೂ ಬಂದಿತ್ತು. ಬಾರ್ಸಿಲೋನಾದಲ್ಲಿ ರೈಕಾರ್ಡ್ ಕೈಕೆಳಗೆ ಕೆಲಸ ಮಾಡಿದ್ದ ಆಲ್ಬರ್ಟ್ ರೋಕಾ 2016ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದು, ಅದೇ ವರ್ಷ ತಂಡವನ್ನು ಎಎಫ್‌ಸಿ ಕಪ್ ಫೈನಲ್‌ಗೆ ಕರ್ಕೊಂಡು ಹೋದರು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿವರೆಗೆ ಹೋಗಿರಲಿಲ್ಲ.

ಫಾರ್ಮೇಶನ್, ಪ್ರೆಸ್ಸಿಂಗ್, ಬಾಲ್ ಹೇಗೆ ಹಿಡಿದಿಟ್ಕೋಬೇಕು, ಇದೆಲ್ಲ ಸಿಲೆಬಸ್ ಒಳಗಿನದ್ದು. ಗುರುಗಳು ಕಲಿಸ್ತಾರೆ, ಶಿಷ್ಯರು ಕಲೀತಾರೆ. ಆದರೆ ಆ ಕುರ್ಚಿಯ ಭಾರ ಹೊರೋದು ಹೇಗೆ ಅನ್ನೋದು ಯಾವ ಸಿಲೆಬಸ್ಸಲ್ಲೂ ಇಲ್ಲ. ಅದು ನಮಗೆ ತಟ್ಟಿದ್ದು ಅಲೆಕ್ಸ್ ಫರ್ಗುಸನ್ ಮತ್ತು ಜಾಕ್ ಸ್ಟೀನ್ ಬಗ್ಗೆ ಓದಿದಾಗ.

ಸ್ಟೀನ್ ಸ್ಕಾಟ್ಲೆಂಡಿನವರು, ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡಿ ಬಂದವರು. 1967ರಲ್ಲಿ ಅವರ ಸೆಲ್ಟಿಕ್ ತಂಡ ಲಿಸ್ಬನ್‌ನಲ್ಲಿ ಇಂಟರ್ ಮಿಲಾನ್‌ನ 2–1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದಿತು. ಆ ತಂಡದ ಆಟಗಾರರೆಲ್ಲ ಗ್ಲಾಸ್ಗೋದಿಂದ ಮೂವತ್ತು ಮೈಲಿ ಒಳಗೇ ಹುಟ್ಟಿದವರು! ಫರ್ಗುಸನ್ ಆಗಿನ್ನೂ ಆಟಗಾರ. ಮುಂದೆ ಅಬರ್ಡೀನ್ ಮ್ಯಾನೇಜರ್ ಆಗಿ 1983ರಲ್ಲಿ ಕಪ್ ವಿನ್ನರ್ಸ್ ಕಪ್ ಫೈನಲ್‌ಗೆ ಹೋದಾಗ, ಎದುರಿಗೆ ರಿಯಲ್ ಮ್ಯಾಡ್ರಿಡ್, ಅದರ ಮ್ಯಾನೇಜರ್ ಆಲ್ಫ್ರೆಡೋ ಡಿ ಸ್ಟೆಫಾನೋ. ಜೊತೆಗೆ ಬಂದಿದ್ದ ಸ್ಟೀನ್ ಕೊಟ್ಟ ಸಲಹೆ ಏನು ಗೊತ್ತಾ? ‘ಡಿ ಸ್ಟೆಫಾನೋಗೆ ಒಂದು ಒಳ್ಳೆ ವಿಸ್ಕಿ ಬಾಟ್ಲಿ ಉಡುಗೊರೆ ಕೊಡು’ ಅಂತ. ಇವರು ಸುಮ್ಮನೆ ಫೈನಲ್ ನೋಡೋಕೆ ಬಂದಿರೋ ಬಡಪಾಯಿಗಳು ಅಂತ ಆ ಕಡೆಯವರು ಅಂದ್ಕೊಳ್ಳಲಿ ಅನ್ನೋದು ಲೆಕ್ಕ. ಅಬರ್ಡೀನ್ 2–1ರಿಂದ ಗೆದ್ದಿತು. ವಿಸ್ಕಿಯಿಂದಲೇ ಗೆದ್ದರು ಅಂತ ನಾವು ಹೇಳ್ತಿಲ್ಲ. ಆದರೆ ಇಂಥದ್ದನ್ನ ಯಾವ ಕೋಚಿಂಗ್ ಲೈಸೆನ್ಸಲ್ಲೂ ಹೇಳಿಕೊಡಲ್ಲ.

ಆಮೇಲೆ ಸ್ಟೀನ್ ಸ್ಕಾಟ್ಲೆಂಡ್ ತಂಡದ ಮ್ಯಾನೇಜರ್ ಆಗಿದ್ದಾಗ ಫರ್ಗುಸನ್ ಅಬರ್ಡೀನ್ ಕೆಲಸದ ಜೊತೆಗೇ ಅವರಿಗೆ ಸಹಾಯಕರಾದರು. 1985ರ ಸೆಪ್ಟೆಂಬರ್ 10. ಕಾರ್ಡಿಫಲ್ಲಿ ವೇಲ್ಸ್ ವಿರುದ್ಧ ವರ್ಲ್ಡ್ ಕಪ್ ಕ್ವಾಲಿಫೈಯರ್. ಡ್ರಾ ಆದರೂ ಸಾಕು, ಪ್ಲೇಆಫ್‌ಗೆ ಹೋಗಬಹುದು. ಮಾರ್ಕ್ ಹ್ಯೂಸ್ ಗೋಲಿನಿಂದ ವೇಲ್ಸ್ ಮುಂದೆ ಹೋಯ್ತು. ಹಾಫ್ ಟೈಮಲ್ಲಿ ಇನ್ನೊಂದು ಫಜೀತಿ. ಗೋಲ್‌ಕೀಪರ್ ಜಿಮ್ ಲೇಟನ್ ಕಾಂಟ್ಯಾಕ್ಟ್ ಲೆನ್ಸ್ ಕಳ್ಕೊಂಡಿದ್ದಾನೆ, ಸ್ಪೇರ್ ತಂದಿಲ್ಲ. ಅವನು ಲೆನ್ಸ್ ಹಾಕ್ತಾನೆ ಅನ್ನೋದೇ ಸ್ಟೀನ್‌ಗೆ ಗೊತ್ತಿಲ್ಲ. ಲೇಟನ್ ಆಡೋದು ಅಬರ್ಡೀನ್‌ಗೆ, ಅಂದರೆ ಫರ್ಗುಸನ್ ತಂಡಕ್ಕೆ! ನಿನಗೆ ಗೊತ್ತಿದ್ದೂ ನನಗೆ ಹೇಳಲಿಲ್ವಾ ಅಂತ ಸ್ಟೀನ್‌ಗೆ ಅನುಮಾನ. ನಿಜ ಹೇಳಬೇಕಂದ್ರೆ ಫರ್ಗುಸನ್‌ಗೂ ಗೊತ್ತಿರಲಿಲ್ಲ. ಕೀಪರ್ ಬದಲಾಯ್ತು. 81ನೇ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿ ಡೇವಿ ಕೂಪರ್ ಗೋಲ್ ಹೊಡೆದ. 1–1. ಬೇಕಾದ ಡ್ರಾ ಸಿಕ್ತು. ಪಂದ್ಯ ಮುಗಿಯೋ ಹೊತ್ತಿಗೆ ಸ್ಟೀನ್ ಡಗೌಟ್ ಹತ್ತಿರವೇ ಕುಸಿದರು. ಎತ್ತಿಕೊಂಡು ಸ್ಟೇಡಿಯಂ ಒಳಗಿನ ವೈದ್ಯಕೀಯ ಕೋಣೆಗೆ ಕರ್ಕೊಂಡು ಹೋದರು. ಅಲ್ಲೇ ತೀರಿಕೊಂಡರು. ಅವರಿಗೆ 62 ವರ್ಷ.

ಇದನ್ನ ಓದಿ ನಾವು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಗುರು ತೀರಿಕೊಂಡ ರಾತ್ರಿ ಶಿಷ್ಯ ಅಲ್ಲೇ ಇದ್ದ. ಅದಾಗಿ ಹದಿನಾಲ್ಕು ತಿಂಗಳಿಗೆ ಅದೇ ಶಿಷ್ಯ ಮ್ಯಾಂಚೆಸ್ಟರ್ ಯುನೈಟೆಡ್ ಕುರ್ಚಿಯಲ್ಲಿ ಕೂತ. 1971ರಲ್ಲಿ ಸ್ಟೀನ್‌ನ ಕರೆದಾಗ ಅವರು ಬೇಡ ಅಂದಿದ್ದ ಕುರ್ಚಿ ಅದು.

ಮುಂದಿನ ಕಥೆಯನ್ನ ಎಲ್ಲರೂ ಕಪ್ ಎಣಿಸುತ್ತಾ ಹೇಳ್ತಾರೆ. ನಮಗೆ ಮುಖ್ಯ ಅನ್ಸೋದು ಶುರುವಿನ ಮೂರು ವರ್ಷ. 1989ರ ಸೆಪ್ಟೆಂಬರಲ್ಲಿ ಮ್ಯಾಂಚೆಸ್ಟರ್ ಸಿಟಿ ಹತ್ರ 5–1ರಿಂದ ಸೋತ ದಿನ ಮನೆಗೆ ಹೋಗಿ ತಲೆದಿಂಬಿನ ಕೆಳಗೆ ತಲೆ ಹುದುಗಿಸಿ ಮಲಗಿಬಿಟ್ಟೆ ಅಂತ ಫರ್ಗುಸನ್ ಅವರೇ ಆಮೇಲೆ ಹೇಳ್ಕೊಂಡಿದ್ದಾರೆ. ಗದರೋಕೆ ಶುರು ಮಾಡಿದ್ರೆ ಆಟಗಾರರೇ ನಡುಗ್ತಿದ್ದ ಅದೇ ಫರ್ಗುಸನ್! ಆ ಚಳಿಗಾಲದಲ್ಲಿ ಸ್ವಂತ ಅಭಿಮಾನಿಗಳೇ ಹೋಗು ಅಂತ ಬ್ಯಾನರ್ ಹಿಡಿದರು. ಕ್ಲಬ್ ಕಾಯ್ತು. 1990ರಲ್ಲಿ ಎಫ್‌ಎ ಕಪ್ ಬಂತು, ಲೀಗ್ ಬಂದಿದ್ದು 1993ರಲ್ಲಿ. ಇವತ್ತಿನ ನಮ್ಮ ಗ್ರೂಪ್ ಆಗ ಇದ್ದಿದ್ರೆ 1987ರಲ್ಲೇ ಕಳಿಸಿರ್ತಿದ್ವಿ.

‘ಅಯ್ಯೋ, ಕೋಟಿಗಟ್ಟಲೆ ಸಂಬಳ ತಗೋತಾರೆ, ತೆಗೆದಾಗಲೂ ದುಡ್ಡು ಕೊಟ್ಟೇ ಕಳಿಸ್ತಾರೆ, ಅವರಿಗೇನು ಪ್ರೆಶರ್’ ಅಂತ ನಮ್ಮ ಫ್ಲೋರಿನ ಒಬ್ಬ ವಾದ ಮಾಡ್ತಾನೆ. ಅರ್ಧ ಸರಿ. ಆದರೆ 1991ರಲ್ಲಿ ಬಾರ್ಸಿಲೋನಾ ಮ್ಯಾನೇಜರ್ ಆಗಿದ್ದಾಗಲೇ ಕ್ರೈಫ್‌ಗೆ ಬೈಪಾಸ್ ಆಯ್ತು. 2001ರಲ್ಲಿ ಲಿವರ್‌ಪೂಲ್‌ನ ಹೂಲಿಯೇಗೆ ಮ್ಯಾಚ್ ಹಾಫ್ ಟೈಮಲ್ಲಿ ಎದೆನೋವು ಬಂದು ಹೃದಯದ ಆಪರೇಶನ್ ಆಯ್ತು. ಪೇ ಸ್ಲಿಪ್ ನೋಡಿ ಎದೆನೋವು ಬರಲ್ಲ, ಹೋಗೋದೂ ಇಲ್ಲ.

ಸೋತರೆ ಮಾತ್ರ ಒತ್ತಡ ಅನ್ನೋದೂ ತಪ್ಪು. ಕೆನ್ನಿ ಡಾಲ್ಗ್ಲಿಶ್ 1991ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಬಿಟ್ಟಾಗ ತಂಡ ಲೀಗ್ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಎವರ್ಟನ್ ಜೊತೆ 4–4 ಡ್ರಾ ಆಗಿ ಎರಡೇ ದಿನ, ರಾಜೀನಾಮೆ. ವಯಸ್ಸು 39. ಅದಕ್ಕೂ ಎರಡು ವರ್ಷ ಮುಂಚೆ ಹಿಲ್ಸ್‌ಬರೋ ಕಾಲ್ತುಳಿತದಲ್ಲಿ ತಂಡದ 97 ಅಭಿಮಾನಿಗಳು ಪ್ರಾಣ ಕಳ್ಕೊಂಡಿದ್ದರು. ಒಂದೇ ದಿನ ನಾಲ್ಕು ಅಂತ್ಯಕ್ರಿಯೆಗೆ ಹೋಗಿದ್ದ ಮನುಷ್ಯ ಆತ. ಆ ಭಾರ ಇಟ್ಕೊಂಡೇ ಮ್ಯಾಚ್ ಆಡಿಸಿದ, ಲೀಗ್ ಗೆದ್ದ, ಒಂದು ದಿನ ಇನ್ನು ಆಗಲ್ಲ ಅಂತ ಎದ್ದು ಹೋದ.

33 ವರ್ಷ ಆದಮೇಲೆ, 2024ರ ಜನವರಿಯಲ್ಲಿ, ಅದೇ ಕ್ಲಬ್, ಮತ್ತೆ ಪಟ್ಟಿಯಲ್ಲಿ ಮೊದಲ ಸ್ಥಾನ. ಕ್ಲಾಪ್ ಕ್ಯಾಮೆರಾ ಮುಂದೆ ಕೂತು ನನ್ನಲ್ಲಿ ಶಕ್ತಿ ಖಾಲಿ ಆಗ್ತಿದೆ, ಸೀಸನ್ ಮುಗಿದ ಮೇಲೆ ಹೋಗ್ತೀನಿ ಅಂದರು. ನಾಲ್ಕು ತಿಂಗಳು ಮೊದಲೇ ಹೇಳಿ, ಎಲ್ಲರಿಗೂ ಟಾಟಾ ಮಾಡಿ ಹೋದರು. ಕ್ಲಾಪ್‌ಗೆ ಬಾಯಿಬಿಟ್ಟು ಹೇಳೋಕೆ ಆಯ್ತು, ಡಾಲ್ಗ್ಲಿಶ್‌ಗೆ ಆಗಿರಲಿಲ್ಲ. ಯಾವ ಟ್ಯಾಕ್ಟಿಕ್ಸ್‌ಗಿಂತಲೂ ಇದು ದೊಡ್ಡ ಬದಲಾವಣೆ ಅಂತ ನಮ್ಮ ಅಭಿಪ್ರಾಯ.

ಕೆಲಸ ಕಳ್ಕೊಂಡ ಮ್ಯಾನೇಜರ್‌ಗಳಿಗೆ ಮೊದಮೊದಲು ಬರ್ತಿದ್ದ ಫೋನ್‌ಗಳಲ್ಲಿ ಫರ್ಗುಸನ್ ಅವರದ್ದೂ ಇರ್ತಿತ್ತು ಅಂತ ಹಲವರು ಹೇಳಿದ್ದಾರೆ. ಕಾರ್ಡಿಫಲ್ಲಿ ನೋಡಿದ್ದು ಅವರಿಗೆ ಮರೆತಿರಲಿಲ್ಲ ಅಂತ ನಾವು ಅಂದ್ಕೊಂಡಿದ್ದೀವಿ. 2013ರಲ್ಲಿ ನಿವೃತ್ತಿ ಆಗೋವಾಗ ಮೈಕ್ ಹಿಡಿದು, ಕಷ್ಟದಲ್ಲಿ ನನ್ನ ಜೊತೆ ನಿಂತ ಹಾಗೆ ಹೊಸ ಮ್ಯಾನೇಜರ್ ಜೊತೆಗೂ ನಿಲ್ಲಿ ಅಂತ ಅಭಿಮಾನಿಗಳನ್ನ ಕೇಳ್ಕೊಂಡರು. ಡೇವಿಡ್ ಮೋಯ್ಸ್ ಜೊತೆ ಆರು ವರ್ಷದ ಒಪ್ಪಂದ ಆಗಿತ್ತು. ಹತ್ತೇ ತಿಂಗಳಿಗೆ ತೆಗೆದರು.

ಇದನ್ನೆಲ್ಲ ಇಲ್ಲಿ ಬರೀತಿರೋದಕ್ಕೆ ಕಾರಣ ಇದೆ. ನಮಗೂ ಮೆಂಟರ್ ಇದ್ದಾರೆ, ಪೇಪರ್ ಮೇಲೆ. ಪ್ರತಿ ಸೆಮಿಸ್ಟರ್ ಒಂದು ಫಾರ್ಮ್ ಬರುತ್ತೆ, ಅದರಲ್ಲಿ ‘ವಿದ್ಯಾರ್ಥಿಯ ಸಮಸ್ಯೆಗಳು’ ಅಂತ ಒಂದು ಕಾಲಮ್. ಲೈನಲ್ಲಿ ನಿಂತು, ಹಿಂದಿನವನ ಪೆನ್ನು ಇಸ್ಕೊಂಡು, ‘ನಿಲ್’ ಅಂತ ಬರೆದು ಸೈನ್ ಹಾಕ್ತೀವಿ. ಮೂರು ಬ್ಯಾಕ್‌ಲಾಗ್ ಇದ್ದು, ಮನೆಯಲ್ಲಿ ಇನ್ನೂ ಹೇಳದೆ, ಎರಡು ವಾರದಿಂದ ಸರಿಯಾಗಿ ಮೆಸ್‌ಗೂ ಬರದ ನಮ್ಮ ಗೆಳೆಯನೂ ‘ನಿಲ್’ ಅಂತಲೇ ಬರೆದ. ಮೇಡಂ ಓದಲಿಲ್ಲ ಅಂತ ದೂರೋಕೆ ಆಗಲ್ಲ, ಓದೋಕೆ ಏನಿತ್ತು ಅಲ್ಲಿ? ಅವನ ಪಕ್ಕದಲ್ಲೇ ನಿಂತಿದ್ದ ನಾವೂ ಏನೂ ಕೇಳಲಿಲ್ಲ. ಆ ರಾತ್ರಿ ಮ್ಯಾಚ್ ಇತ್ತು, ಅದಕ್ಕೆ ಮಾತ್ರ ಕರೆದಿದ್ವಿ, ಬಂದ. ನಮ್ಮ ತಂಡ ಸೋತಿತು, ಗ್ರೂಪಲ್ಲಿ ಎಲ್ಲರೂ ‘ಔಟ್’ ಅಂತ ಹಾಕಿದರು. ಅವನೊಬ್ಬ ಹಾಕಲಿಲ್ಲ.

ಈ ಸೆಮಿಸ್ಟರಿನ ಫಾರ್ಮ್ ಬಂದಿದೆ. ಶುಕ್ರವಾರ ಕೊನೆ ದಿನ. ಆ ಕಾಲಮ್ಮನ್ನ ಈ ಸಲ ಇನ್ನೂ ಯಾರೂ ತುಂಬಿಲ್ಲ.