ಕಬ್ಬಿಗಿರುವ ದನಿ ತೊಗರಿಗೇಕಿಲ್ಲ?

ಪ್ರಜಾಪ್ರಭುತ್ವದಲ್ಲಿ ಎಲ್ಲರ ಮತಕ್ಕೂ ಒಂದೇ ಬೆಲೆಯೆಂದು ಶಾಲೆಗಳಲ್ಲಿ ಮಕ್ಕಳಿಗೆ ಬೋಧಿಸುತ್ತೇವೆ. ಪಾಠ ಸುಳ್ಳಲ್ಲ. ಆದರೆ ಒಂದು ಚುನಾವಣೆಯಿಂದ ಮತ್ತೊಂದು ಚುನಾವಣೆಯವರೆಗೆ ಸರಕಾರದ ಕಿವಿ ಸಂಘಟಿತರ ಕಡೆಗೇ ವಾಲಿರುತ್ತದೆಂಬುದನ್ನು ಅಲ್ಲಗಳೆಯುವಂತಿಲ್ಲ. ಸಂಖ್ಯೆಯಲ್ಲಿ ಅಧಿಕರಾದ ಮಾತ್ರಕ್ಕೆ ಯಾರೂ ಪ್ರಬಲರಾಗರು. ಹೊರ್ತಿ ಸೀಮೆಯ ತೊಗರಿ ಬೆಳೆಗಾರನೇ ಇದಕ್ಕೆ ನಿದರ್ಶನ.

1980ರಲ್ಲಿ ನರಗುಂದ–ನವಲಗುಂದಗಳ ರೈತರು ಸಿಡಿದೆದ್ದಾಗ ಅವರನ್ನು ಕೂಡಿಸಿದ್ದು ಮಲಪ್ರಭೆಯ ಕಾಲುವೆ ಮತ್ತು ಅದರ ಹೆಸರಿನಲ್ಲಿ ಹೇರಿದ ಕರ. ಗೋಲಿಬಾರಿನಲ್ಲಿ ಪ್ರಾಣಹಾನಿಯಾಯಿತು, ಅದೇ ವರ್ಷ ರಾಜ್ಯ ರೈತ ಸಂಘ ಜನಿಸಿತು. 2025ರ ನವೆಂಬರದಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕುಳಿತ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿದರು. ಮುಖ್ಯಮಂತ್ರಿಗಳೇ ಮಧ್ಯೆ ಬಂದು 3,300ಕ್ಕೆ ನಿಲ್ಲಿಸಬೇಕಾಯಿತು. ಎದುರು ಪಕ್ಷವೇನೂ ದುರ್ಬಲವಾಗಿರಲಿಲ್ಲ. ಸಕ್ಕರೆ ಕಾರ್ಖಾನೆಗಳ ಮಾಲೀಕರಿಗೂ ಸಂಘವಿದೆ, ಕಾರ್ಖಾನೆ ನಡೆಸುವ ರಾಜಕಾರಣಿಗಳು ಎಲ್ಲ ಪಕ್ಷಗಳಲ್ಲಿಯೂ ಇದ್ದಾರೆ. ಆದರೂ ರೈತರ ಮಾತು ನಡೆಯಿತೇಕೆ? ಕಬ್ಬಿಲ್ಲದೆ ಕಾರ್ಖಾನೆಯ ಗಾಣ ತಿರುಗದು. ಹಣ ಕೊಡಬೇಕಾದವರು ಯಾರೆಂಬುದು ಎಲ್ಲರಿಗೂ ಗೊತ್ತು. ಹೋಗಿ ನಿಲ್ಲಲು ಒಂದು ಬಾಗಿಲುಂಟು.

ತೊಗರಿಗೆ ಅಂಥ ಬಾಗಿಲಿಲ್ಲ. ರಾಶಿ ಮುಗಿದೊಡನೆ ಸಾಲ ತೀರಿಸಬೇಕಾದ ಒಕ್ಕಲಿಗನು ನಾಲ್ಕೆಂಟು ಚೀಲ ಹೇರಿಕೊಂಡು ಒಬ್ಬನೇ ಪೇಟೆಗೆ ಹೋಗುತ್ತಾನೆ. 2025–26ಕ್ಕೆ ಕೇಂದ್ರವು ಕ್ವಿಂಟಲಿಗೆ 8,000 ರೂಪಾಯಿ ಬೆಂಬಲ ಬೆಲೆ ಸಾರಿತು. ಆದರೆ ಆವಕ ಹೆಚ್ಚಿದಾಗ ಪೇಟೆಯ ದರ ಬೆಂಬಲ ಬೆಲೆಗಿಂತ ಕೆಳಗಿಳಿದರೆ ಅವನು ಯಾರ ಮನೆಯ ಮುಂದೆ ಕೂಡಬೇಕು? 2021ರಲ್ಲಿ ಹೊರದೇಶದ ತೊಗರಿಗೆ ನಿರ್ಬಂಧವಿಲ್ಲದೆ ಪ್ರವೇಶ ದೊರೆಯಿತು. ಆ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಮೊಜಾಂಬಿಕ್ ದೇಶದಿಂದ ವರ್ಷಕ್ಕೆ 2 ಲಕ್ಷ ಟನ್ ತರಿಸುವ ಒಪ್ಪಂದವೂ ಆಯಿತು. ಬೇಳೆ ಅಗ್ಗವಾಗಲೆಂಬ ಪಟ್ಟಣಿಗರ ಬೇಡಿಕೆ ಅನ್ಯಾಯದ್ದೆಂದು ನಾನು ಹೇಳಲಾರೆ. ಅದು ದೆಹಲಿಗೆ ಕೇಳಿಸಿತು, ನಮ್ಮದು ಕೇಳಿಸಲಿಲ್ಲ.

ಕಲಬುರಗಿಯಲ್ಲಿ ತೊಗರಿ ಮಂಡಳಿಯಿದೆಯಲ್ಲ ಎನ್ನಬಹುದು. ಮಂಡಳಿ ಸರಕಾರದ್ದು, ಸರಕಾರದೊಡನೆ ವಾದಿಸುವ ಕೆಲಸವನ್ನು ಅದಕ್ಕೇ ವಹಿಸಲಾಗದು. ಇನ್ನೊಂದು ಮಾತು, ಕಹಿಯಾದರೂ ಹೇಳಲೇಬೇಕು: ಒಳಪಂಗಡದ ಸಮಾವೇಶಕ್ಕೆ ಬುತ್ತಿ ಕಟ್ಟಿಕೊಂಡು ಲಾರಿ ಹತ್ತುವ ನಮ್ಮವರು ಬೆಲೆಯ ಮಾತಿಗೆ ಕರೆದರೆ ಹೊಲದ ಕೆಲಸ ನೆನೆಯುತ್ತಾರೆ. ಜಾತಿಯ ಹೆಸರಿನಲ್ಲಿ ಕೂಡಿದ ಬಲದಿಂದ ಕೆಲವರಿಗೆ ಟಿಕೇಟು ದೊರೆತೀತು. ಒಂದೇ ಪೇಟೆಯಲ್ಲಿ ತೊಗರಿ ಮಾರುವ ಲಿಂಗಾಯತ, ಕುರುಬ, ದಲಿತ, ಮುಸಲ್ಮಾನ ರೈತರಿಗೆ ಅದರಿಂದ ಚೀಲಕ್ಕೆ ಒಂದು ರೂಪಾಯಿಯೂ ಹೆಚ್ಚಾಗದು.

1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಇಂಥದೇ ಬಿಡಿ ಒಕ್ಕಲಿಗರನ್ನು ಕೂಡಿಸಿ. ತೊಗರಿ ಕಬ್ಬಿನಂತೆ ಒಣಗಿ ಹಾಳಾಗುವ ಮಾಲಲ್ಲ. ಕೂಡಿಡಲು ಗೋದಾಮಿದ್ದರೆ ಕಾಯಬಲ್ಲದು. 2007ರ ಉಗ್ರಾಣ ಕಾಯ್ದೆಯಂತೆ ನೋಂದಾಯಿತ ಗೋದಾಮಿನ ರಸೀದಿಯ ಮೇಲೆ ಬ್ಯಾಂಕಿನ ಸಾಲವೂ ಸಿಗುತ್ತದೆ. ಹತ್ತೂರ ಚೀಲಗಳು ಒಂದೆಡೆ ಸೇರಿದರೆ ವ್ಯಾಪಾರಿಯೂ ಶಾಸಕನೂ ಅಲ್ಲಿಗೇ ಬರಬೇಕಾಗುತ್ತದೆ. ಈ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ಅಡತಿ ಅಂಗಡಿಯವರೂ ಇದ್ದಾರೆ. ಸಂಘದ ನಿಯಮಾವಳಿ ಬರೆದುಕೊಡುವುದು, ಲೆಕ್ಕ ಇಡಲು ಕಲಿಸುವುದು ಅವರಿಂದ ಆಗಬಹುದಾದ ಕೆಲಸ. ದಾನಿಗಳು ಮುಂದಿನ ವರ್ಷದ ದೇಣಿಗೆಯಲ್ಲಿ ಒಂದು ಪಾಲನ್ನು ಗೋದಾಮಿಗೆಂದು ತೆಗೆದಿಡುವರೇ ಎಂದು ಕೇಳುತ್ತಿದ್ದೇನೆ.