ಕಂತಿಗಾಗಿ ಅವಳ ತಟ್ಟೆಗೆ ಕೈ ಹಾಕಬೇಡಿ

"ಖರ್ಚು ಕಡಿಮೆ ಮಾಡಿ ಸಾಲ ತೀರಿಸ್ತಾ ಇದೀವಿ" ಎಂದು ಎದೆಯುಬ್ಬಿಸಿ ಹೇಳುವ ಯಜಮಾನರನ್ನು ಕಂಡರೆ ನನಗೀಗ ಗೌರವ ಬರುವುದಿಲ್ಲ. ಯಾವ ಖರ್ಚು, ಯಾರ ಖರ್ಚು ಎಂದು ಕೇಳಬೇಕೆನಿಸುತ್ತದೆ. ಕೇಳಿಯೂ ಇದ್ದೇನೆ. ಉತ್ತರ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಅದೇ. ಹಾಲು ನಿಲ್ಲಿಸಿದೆವು, ಕಾಯಿಪಲ್ಲೆ ವಾರದ ಸಂತೆಯ ದಿನ ಮಾತ್ರ, ಅವ್ವನ ಬಿಪಿ ಗುಳಿಗೆ ದಿನ ಬಿಟ್ಟು ದಿನ, ಮಗಳನ್ನು ಕಾಲೇಜು ಬಿಡಿಸಿ ಹೊಲಿಗೆ ಕ್ಲಾಸಿಗೆ ಹಾಕಿದೆವು. ಬೈಕು? ಅದಿಲ್ಲದೆ ನಡೆಯುತ್ತದೆಯೇ! ಸಂಜೆಯ ನೈಂಟಿ? ದುಡಿದು ದಣಿದಿರುತ್ತಾರಲ್ಲ. ತಮ್ಮನ ಮಗನ ಜವಳಕ್ಕೆ ಊರೂಟ? ಮಾಡದಿದ್ದರೆ ಮಂದಿ ಏನಂದಾರು!

ಇದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ನಿಮ್ಮ ಓಣಿಯಲ್ಲಿ ನಡೆದಿದೆ, ಬಹುಶಃ ನಿಮ್ಮ ಅಡುಗೆಮನೆಯಲ್ಲೇ ನಡೆಯುತ್ತಿದೆ. ಎಲ್ಲರೂ ಉಂಡಾದ ಮೇಲೆ ಪಾತ್ರೆಯ ತಳ ಕೆರೆದು, ರೊಟ್ಟಿಗೆ ಖಾರಪುಡಿ ಎಣ್ಣೆ ಹಚ್ಚಿಕೊಂಡು ತಿನ್ನುವವಳು ಯಾರೆಂದು ಹೇಳಿಕೊಡಬೇಕಾಗಿಲ್ಲ. ಅದಕ್ಕೆ ನಾವು ಇಟ್ಟಿರುವ ಹೆಸರು ಮಾತ್ರ ಚೆಂದ: "ಸಂಸಾರ ತೂಗಿಸುವ ಗುಣ."

ಈ ಸಿಟ್ಟು ಎಲ್ಲಿಂದ ಬಂತೆಂದರೆ, ಮೊನ್ನೆ ನಮ್ಮ ತಾಲ್ಲೂಕಿನ ಆಸ್ಪತ್ರೆಯೊಂದರ ಸಾಲಿನಲ್ಲಿ ನಿಂತಿದ್ದಾಗ ನನ್ನ ಮುಂದಿದ್ದ ಹೆಂಗಸು ಕುಸಿದು ಬಿದ್ದಳು. ಮೂವತ್ತೈದು ದಾಟಿರಲಿಕ್ಕಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ ಏಳರ ಹತ್ತಿರ. ಹನ್ನೆರಡು ಇರಬೇಕು. "ಏನು ಊಟ ಮಾಡ್ತೀಯಮ್ಮ?" ಎಂದು ಡಾಕ್ಟರು ಕೇಳಿದರು. "ಕಂತು ಮುಗಿಯೂ ತನಕ ಹಾಲು, ಕಾಳು, ಕಾಯಿಪಲ್ಲೆ ಎಲ್ಲಾ ಬಂದ್ ಮಾಡೇನ್ರಿ, ನಂದೊಂದ ಜೀವಕ್ಕ ಏನ್ ಬೇಕ್ರಿ" ಅಂದಳು. ಗಂಡ ಪಕ್ಕದಲ್ಲೇ ನಿಂತಿದ್ದ. ಬೆರಳಲ್ಲಿ ಬೈಕಿನ ಕೀ ತಿರುಗುತ್ತಿತ್ತು. "ಭಾಳ ಹೊಂದಿಸ್ಕೊಂಡು ಹೋಗ್ತಾಳ್ರಿ" ಎಂದು ಡಾಕ್ಟರಿಗೆ ಹೆಮ್ಮೆಯಿಂದ ಹೇಳಿದ. ಸಾಲ ಯಾತಕ್ಕೆ ಮಾಡಿದ್ದೆಂದು ನಾನೇ ಬಾಯಿ ಹಾಕಿ ಕೇಳಿದೆ. ಮನೆ ಒಕ್ಕಲಿಗೆ. ಮನೆ ಕಟ್ಟುವುದಕ್ಕಲ್ಲ, ಒಕ್ಕಲಾದ ದಿನದ ಊಟಕ್ಕೆ, ಪೆಂಡಾಲಿಗೆ, ಬೀಗರ ಬಟ್ಟೆಗೆ!

ಅವಳೊಬ್ಬಳ ದುರದೃಷ್ಟ ಎನ್ನಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಇಡೀ ದೇಶದ ಲೆಕ್ಕ ತೆಗೆದರೆ ಇದೇ ವಯಸ್ಸಿನ ಹೆಂಗಸರಲ್ಲಿ ಶೇ 57, ಗಂಡಸರಲ್ಲಿ ಶೇ 25. ಇದಕ್ಕೆಲ್ಲ ಸಾಲವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮುಟ್ಟು, ಹೆರಿಗೆ, ಜಂತುಹುಳ ಎಲ್ಲವೂ ಸೇರಿವೆ. ಆದರೆ ಮೊದಲೇ ರಕ್ತವಿಲ್ಲದವಳ ತಟ್ಟೆಯಿಂದಲೇ ಕಂತಿನ ದುಡ್ಡು ಉಳಿಸಲು ಹೊರಟಿದ್ದೀರಲ್ಲ, ಅದಕ್ಕೆ ಯಾವ ಕಾರಣ ಕೊಡುತ್ತೀರಿ?

ಹೋಗಲಿ, ಕರುಣೆ ಬೇಡ. ಲೆಕ್ಕವನ್ನಾದರೂ ಮಾಡಿದ್ದೀರಾ? ಒಂದು ಲಕ್ಷ ಕೈಸಾಲ ತಂದಿದ್ದೀರಿ, ನೂರಕ್ಕೆ ಮೂರು ರೂಪಾಯಿ ಬಡ್ಡಿ. ತಿಂಗಳಿಗೆ 3,000, ದಿನಕ್ಕೆ 100. ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡ ಪೇಟೆಯ ವಿದ್ಯಾವಂತರು ನಗಬೇಡಿ, ನಿಮ್ಮ ಬಡ್ಡಿಯೂ ತಿಂಗಳಿಗೆ ನೂರಕ್ಕೆ ಮೂರೋ ಮೂರೂವರೆಯೋ ಇರುತ್ತದೆ, ಅದನ್ನು ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ ಅಷ್ಟೆ. ಈಗ ಹಾಲಿನ ಲೆಕ್ಕ. ಲೀಟರಿಗೆ 46ರಂತೆ ದಿನಕ್ಕೆ ಅರ್ಧ ಲೀಟರು ಎಂದರೆ ತಿಂಗಳಿಗೆ ಸುಮಾರು 700 ರೂಪಾಯಿ. ಇಡೀ ತಿಂಗಳು ಮನೆಮಂದಿಯ ಹಾಲು ಕಸಿದುಕೊಂಡು ನೀವು ತುಂಬಿದ್ದು ಏಳು ದಿನದ ಬಡ್ಡಿ. ಅಸಲಿನ ಒಂದು ರೂಪಾಯಿಯೂ ಅಲ್ಲಾಡಲಿಲ್ಲ. ಅದೇ ಬೈಕನ್ನು 60,000ಕ್ಕೆ ಮಾರಿ ಅಸಲಿಗೆ ಕಟ್ಟಿದ್ದರೆ ತಿಂಗಳಿಗೆ 1,800 ಬಡ್ಡಿ ನಿಲ್ಲುತ್ತಿತ್ತು, ಪೆಟ್ರೋಲಿನ ಉಳಿತಾಯ ಬೇರೆ. ಏಳನೇ ಇಯತ್ತೆಯ ಹುಡುಗನಿಗೆ ಬರುವ ಲೆಕ್ಕ ಇದು. ನಿಮಗೆ ಬರುವುದಿಲ್ಲ ಎಂದರೆ ನಾನು ನಂಬುವುದಿಲ್ಲ. ಬರುತ್ತದೆ. ಬೈಕು ಮಾರಿದರೆ ಊರಿಗೆ ಕಾಣುತ್ತದೆ, ಹಾಲು ನಿಲ್ಲಿಸಿದರೆ ಕಾಣುವುದಿಲ್ಲ.

ನನಗೆ ಕ್ಷಮಿಸಲಾಗದೆ ಇರುವುದು ಇದನ್ನೇ. ಸಾಲ ಮಾಡಿದ್ದನ್ನಲ್ಲ. ಮಳೆ ಕೈಕೊಟ್ಟರೆ, ಮನೆಯಲ್ಲಿ ಯಾರಿಗಾದರೂ ಆಪರೇಷನ್ ಎಂದರೆ ಸಾಲ ಮಾಡದೆ ಬದುಕಿದ ಮನೆ ನಮ್ಮ ಕಡೆ ಎಷ್ಟಿದ್ದಾವು? ಆದರೆ ಊರಿನ ಕಣ್ಣಿಗಾಗಿ ಸಾಲ ಮಾಡುವುದು, ಆಮೇಲೆ ಊರಿನ ಕಣ್ಣಿಗೆ ಬೀಳದ ಹಾಗೆ ಹೆಂಡತಿ ಮಕ್ಕಳ ಹೊಟ್ಟೆಯಿಂದ ಅದನ್ನು ತೀರಿಸುವುದು, ಇದಕ್ಕೆ ಮರ್ಯಾದೆ ಎಂದು ಹೆಸರಿಡುವುದು! ಸಾಲ ತರುವಾಗ ಅವಳನ್ನು ಕೇಳಲಿಲ್ಲ. ಪೆಂಡಾಲು ಎಷ್ಟು ದೊಡ್ಡದಿರಬೇಕೆಂದು ಕೇಳಲಿಲ್ಲ. ತೀರಿಸುವ ಹೊತ್ತಿಗೆ ಮಾತ್ರ "ಸ್ವಲ್ಪ ಹೊಂದಿಸಿಕೋ."

ಕೇಳಲಿಲ್ಲ ಎಂದೆ, ಸಹಿ ಮಾತ್ರ ಅವಳದೇ. ಸಂಘದ ಸಾಲ ಸಿಗುವುದು ಹೆಂಗಸರ ಹೆಸರಿಗೆ. ಆಧಾರ್ ಕಾರ್ಡು ಅವಳದು, ವಾರದ ಮೀಟಿಂಗಿಗೆ ಹೋಗಿ ಕೂಡುವವಳು ಅವಳು, ಒಂದು ಕಂತು ತಪ್ಪಿದರೆ ಗುಂಪಿನ ಹತ್ತು ಬಾಯಿಂದ ಮಾತು ಕೇಳುವವಳು ಅವಳು. ದುಡ್ಡು ಹೋದದ್ದೆಲ್ಲಿಗೆ? ಮೈದುನನ ಮದುವೆಗೆ, ನಿಮ್ಮ ಬೈಕಿನ ಮುಂಗಡಕ್ಕೆ, ಹಳೆಯ ಸಾಲದ ಬಡ್ಡಿಗೆ. ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟಾಗ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯದೇ ಆಯಿತು. ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿ, ಕಿರುಸಾಲ ಪಡೆದ ಮನೆಯ ಎಲ್ಲ ಕಂತು ಸೇರಿಸಿದರೂ ತಿಂಗಳ ಆದಾಯದ ಅರ್ಧ ಮೀರಬಾರದು ಎಂದಿತ್ತು. ಇವೆಲ್ಲ ಹೊಸ್ತಿಲ ಆಚೆ ನಿಂತವರಿಗೆ. ಹೊಸ್ತಿಲ ಒಳಗೆ ಕೂತು ವಸೂಲಿ ಮಾಡುವವರಿಗೆ ಯಾವ ಸುಗ್ರೀವಾಜ್ಞೆ ತರೋಣ ಹೇಳಿ. ಏಜೆಂಟ ಬಾಗಿಲಿಗೆ ಬಂದರೆ ಓಣಿಯವರು ಸೇರುತ್ತಾರೆ, ಪೊಲೀಸರಿಗೆ ಫೋನು ಹೋಗುತ್ತದೆ. ತಟ್ಟೆಯಿಂದ ತುತ್ತು ಕಿತ್ತವನನ್ನು ಮಾತ್ರ "ಜವಾಬ್ದಾರಿಯ ಮನುಷ್ಯ" ಎನ್ನುತ್ತಾರೆ.

ಇನ್ನು ಹೊಲಿಗೆ ಕ್ಲಾಸಿಗೆ ಹಾಕಿದ ಆ ಹುಡುಗಿಯ ಕಾಲೇಜು. ಪಿಯುಸಿ ಎರಡನೇ ವರ್ಷದ ಫೀ ಕಟ್ಟಲಿಲ್ಲ, ಸಾಲ ಇದೆಯೆಂದು. ಅಣ್ಣನ ಡಿಪ್ಲೊಮಾ ಮುಂದುವರಿಯಿತು. ಎರಡು ವರ್ಷ ಕಳೆಯುವುದರೊಳಗೆ ಅವಳಿಗೆ ಗಂಡು ಗೊತ್ತಾಯಿತು, ಮದುವೆಗೆ ನಾಲ್ಕು ಲಕ್ಷ ಸಾಲ! ಓದಿಸಲು ಇಲ್ಲದ ದುಡ್ಡು ಕಲ್ಯಾಣ ಮಂಟಪಕ್ಕೆ, ಬೀಗರ ಊಟಕ್ಕೆ, ಡಿಜೆಗೆ ಎಲ್ಲಿಂದ ಬಂತು? ಆ ಫೀ ಕಟ್ಟಿದ್ದರೆ ಅವಳೇ ನಾಳೆ ನಿಮ್ಮ ಸಾಲಕ್ಕೆ ಹೆಗಲು ಕೊಡುತ್ತಿದ್ದಳೋ ಏನೋ. ಆ ಬಾಗಿಲನ್ನೂ ನೀವೇ ಮುಚ್ಚಿದಿರಿ. ಬರೆಯುತ್ತಿದ್ದರೆ ಕೈ ನಡುಗುತ್ತದೆ ನನಗೆ.

ಎಲ್ಲದಕ್ಕೂ ನಿಮ್ಮಲ್ಲಿ ಉತ್ತರವಿದೆ. "ಶಾಲೆಯಲ್ಲಿ ಮೊಟ್ಟೆ ಕೊಡ್ತಾರಲ್ಲ, ಮನೆಯಲ್ಲಿ ಯಾಕೆ?" "ರೇಷನ್ ಅಕ್ಕಿ ಬರುತ್ತಲ್ಲ, ಅನ್ನ ಸಾರು ಸಾಕು." ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆ, ಮೆಸೇಜು ಬಂದ ಸಂಜೆಯೇ ಎಟಿಎಂ ಕಾರ್ಡು ಯಜಮಾನನ ಕಿಸೆ ಸೇರುತ್ತದೆ. ಆ ದುಡ್ಡಿನಲ್ಲಿ ಅವಳು ಒಂದು ಕಿಲೋ ಬೆಲ್ಲ, ಒಂದು ಕಿಲೋ ಶೇಂಗಾ ತಂದಿಟ್ಟುಕೊಂಡರೆ "ದುಂದು". ನೀವು ಅದನ್ನು ಬಡ್ಡಿಯವನಿಗೆ ಕೊಟ್ಟರೆ "ಶಿಸ್ತು".

ಹೆಂಗಸರನ್ನೂ ಬಿಡುವುದಿಲ್ಲ ನಾನು. ಅತ್ತೆಯಂದಿರೇ, ನಿಮ್ಮನ್ನು ನಿಮ್ಮ ಅತ್ತೆ ಉಪವಾಸ ಕೆಡವಿದ್ದಕ್ಕೆ ಸೊಸೆಗೂ ಅದೇ ಪಾಠವೇ? "ನಾವೆಲ್ಲ ತಿನ್ನದೆಯೇ ಸಂಸಾರ ಮಾಡಿದ್ವಿ" ಎಂದು ಹೇಳಿಕೊಳ್ಳುವುದು ಹೆಮ್ಮೆಯ ಮಾತಲ್ಲ. ಅಕ್ಕ ತಂಗಿಯರೇ, ನಿಮ್ಮ ತಟ್ಟೆಯನ್ನು ನೀವೇ ಖಾಲಿ ಮಾಡಿಕೊಂಡು ಅದನ್ನು ಪುಣ್ಯವೆಂದು ಲೆಕ್ಕ ಹಿಡಿಯಬೇಡಿ. ನೀವು ಕುಸಿದು ಬಿದ್ದ ದಿನ ಆಸ್ಪತ್ರೆಯ ಬಿಲ್ಲಿಗೆ ಅವರು ಮತ್ತೆ ಸಾಲ ತರುತ್ತಾರೆ. ಆ ಕಂತಿಗೆ ಯಾರ ಹಾಲು ನಿಲ್ಲುತ್ತದೆಂದು ಯೋಚಿಸಿ.

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ. ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ. ಎಲ್ಲ ಸಾಲಗಳನ್ನೂ ಬಚ್ಚಿಡದೆ ಒಂದು ಹಾಳೆಯ ಮೇಲೆ ಬಡ್ಡಿ ಸಮೇತ ಬರೆಯಿರಿ, ಇಸ್ಪೀಟಿನಲ್ಲಿ, ಮೊಬೈಲಿನ ಆಟದಲ್ಲಿ ಕಳೆದದ್ದನ್ನೂ. ಮನೆಯವರೆಲ್ಲರ ಮುಂದೆ ಓದಿ. ಬಡ್ಡಿ ಜಾಸ್ತಿ ಇರುವುದು ಮೊದಲು ತೀರಬೇಕು, ಬಾಯಿ ಜೋರಿರುವವನದ್ದಲ್ಲ. ಮಾರುವುದಾದರೆ ಮೊದಲು ನಿಮ್ಮದನ್ನು ಮಾರಿ, ಬೈಕು, ದೊಡ್ಡ ಫೋನು, ಲೇಔಟಿನಲ್ಲಿ ಮುಳ್ಳು ಬೆಳೆದು ನಿಂತ ಆ ಸೈಟು. ಅವಳ ಕೊರಳಿನದು ಕೊನೆಗೆ. ಅದೂ ಅವಳು ಒಪ್ಪಿದರೆ ಮಾತ್ರ, ಸೇಟುವಿನ ಬಳಿ ಅಲ್ಲ, ಬ್ಯಾಂಕಿನಲ್ಲಿ. ಅಲ್ಲಿ ಬಂಗಾರದ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಯ ಒಳಗೇ ಬಡ್ಡಿ. ಗುಳಿಗೆ ದುಬಾರಿಯಾದರೆ ಜನೌಷಧಿ ಕೇಂದ್ರಕ್ಕೆ ಹೋಗಿ, ದಿನ ಬಿಟ್ಟು ದಿನ ನುಂಗಿಸಬೇಡಿ. ಅಡುಗೆಮನೆಗೆ ಕತ್ತರಿ ಹಾಕಲೇಬೇಕಾದ ದಿನ ಬಂದರೆ, ಮೊದಲ ಹಸಿವು ಸಾಲ ತಂದವನದು. ಆಗ ನೋಡಿ, ಮುಂದಿನ ಸಾಲದ ಕಾಗದಕ್ಕೆ ಸಹಿ ಹಾಕಿಸುವ ಮೊದಲು ಕೈ ಹೇಗೆ ತಡೆಯುತ್ತದೆ.

ಉಳಿದದ್ದು ನಮ್ಮ ನಿಮ್ಮ ಪಾಲಿನದು, ಊರಿನವರದು. ಮಂದಿ ಏನಂದಾರು ಎಂದು ಹೆದರಿ ಅವರು ಸಾಲ ಮಾಡುತ್ತಾರಲ್ಲ, ಆ ಮಂದಿ ಯಾರು? ನಾವೇ. ಹೋಳಿಗೆ ಒಣಗಿತ್ತು, ಪಲ್ಯ ಎರಡೇ ಇತ್ತು ಎಂದು ಮದುವೆ ಮನೆಯಿಂದ ಬರುತ್ತಾ ಆಡಿಕೊಂಡವರು ನಾವೇ. ಸರಳ ಮದುವೆಗೆಂದು ಕುವೆಂಪು ಮಂತ್ರಮಾಂಗಲ್ಯ ಕೊಟ್ಟರು, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಹಾಗೆಯೇ ಮಾಡಿಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆದು ಬಂದಿದೆ. ದಾರಿ ಇಲ್ಲವೆನ್ನುವಂತಿಲ್ಲ, ಆ ದಾರಿ ಹಿಡಿದವರನ್ನು ಬಡವರೆಂದು ನೋಡುವ ನಮ್ಮ ಕಣ್ಣು ಸರಿಯಿಲ್ಲ. ಕವರಿನೊಳಗೆ ಐನೂರು ಇಟ್ಟು ನಾಲ್ಕು ಜನ ಹೋಗಿ ಉಂಡು, ಆಮೇಲೆ ಕೊರತೆ ಎಣಿಸುವ ನಾಲಿಗೆಗೂ ಆಸ್ಪತ್ರೆಯಲ್ಲಿ ಕುಸಿದ ಆ ಹೆಂಗಸಿನ ರಕ್ತಕ್ಕೂ ಸಂಬಂಧವಿದೆ.

ದೀಪಾವಳಿ ಕಳೆದು ತುಳಸಿ ಲಗ್ನವಾಯಿತೆಂದರೆ ಮದುವೆಗಳ ಸುಗ್ಗಿ. ಈಗಲೇ ಎಷ್ಟೋ ಮನೆಗಳಲ್ಲಿ ಸಾಲದ ಮಾತು ನಡೆದಿರುತ್ತದೆ. ಕರೆಯಲು ಬಂದವರಿಗೆ ನೀವೇ ಮೊದಲು ಹೇಳಿಬಿಡಿ, ನಾವು ಅಕ್ಷತೆಗೆ ಬರುತ್ತೇವೆ, ಒಂದು ಕಪ್ ಚಹಾ ಸಾಕು ಎಂದು. ಹೇಳಿದ ಹಾಗೆ ಹೋಗಿ, ಚಹಾ ಕುಡಿದು ಬನ್ನಿ. ದಾರಿಯಲ್ಲಿ ಸಿಕ್ಕವರು ಊಟ ಹೇಗಿತ್ತು ಎಂದು ಕೇಳಿದರೆ ಬಾಯಿಗೆ ಬಂದಂತೆ ಬೈಯಿರಿ. ಬೇಕಾದರೆ ನಾನೇ ಹೇಳಿಕೊಟ್ಟೆ ಎನ್ನಿ.