ಊಟದ ಕೋಣೆಯೊಳಗೊಂದು ಕೆಪ್ಪ ಜೋಗ

ಸಿದ್ದಾಪುರ ತಾಲೂಕಿನ ಕಾಡಿನ ನಡುವೆ ಅಘನಾಶಿನಿ ನದಿಯು 116 ಮೀಟರು ಎತ್ತರದಿಂದ ಧುಮುಕುವ ಉಂಚಳ್ಳಿ ಜಲಪಾತವನ್ನು ನಮ್ಮ ಪ್ರಾಂತದ ಜನರು ‘ಕೆಪ್ಪ ಜೋಗ’ ಎಂದು ಕರೆಯುವುದುಂಟು. ಅದರ ಸಮೀಪದಲ್ಲಿ ನಿಂತವನಿಗೆ ಪಕ್ಕದವನ ಮಾತು ಕೇಳಿಸದು. ನೀರಿನ ಮೊರೆತವೊಂದೇ ಕಿವಿಯನ್ನು ತುಂಬಿರುತ್ತದೆ. ಹೆಸರಿಟ್ಟವರು ಭೌತಶಾಸ್ತ್ರವನ್ನು ಓದಿದವರಲ್ಲ. ಆದರೂ ಒಂದು ಸದ್ದು ಮತ್ತೊಂದನ್ನು ಮುಚ್ಚಿಬಿಡಬಲ್ಲುದು, ಒಳ್ಳೆಯ ಕಿವಿಯನ್ನೂ ಕೆಪ್ಪಾಗಿಸಬಲ್ಲುದು ಎಂಬ ತತ್ತ್ವವನ್ನು ಅವರು ಎರಡೇ ಪದಗಳಲ್ಲಿ ಹೇಳಿಬಿಟ್ಟಿದ್ದಾರೆ. ಅಂಥದೇ ಒಂದು ಕೆಪ್ಪ ಜೋಗವನ್ನು ನಾವು ಈಚೆಗೆ ಶಿರಸಿ ಪಟ್ಟಣದ ಒಂದು ಊಟದ ಕೋಣೆಯಲ್ಲಿ ಕಂಡೆವು. ಅಲ್ಲಿ ನೀರಿನ ಒಂದು ಹನಿಯೂ ಬೀಳುತ್ತಿರಲಿಲ್ಲ.

ನಡೆದ ಸಂಗತಿ ಇಷ್ಟೆ. ನಮಗೆ ಭೌತಶಾಸ್ತ್ರದ ಮೊದಲ ಪಾಠಗಳನ್ನು ಹೇಳಿದ ಗುರುಗಳಿಗೆ ಎಪ್ಪತ್ತೈದು ವರ್ಷ ತುಂಬಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಚದುರಿಹೋಗಿರುವ ಹಳೆಯ ಶಿಷ್ಯರು ಹನ್ನೊಂದು ಮಂದಿ ಕೂಡಿ ಅವರಿಗೊಂದು ಔತಣವನ್ನು ಏರ್ಪಡಿಸಿದೆವು. ದೊಡ್ಡ ಸಭಾಭವನ ಬೇಡ, ಭಾಷಣ ಬೇಡ, ಹಾರ ತುರಾಯಿಗಳೂ ಬೇಡ. ನಾಲ್ಕು ಗೋಡೆಗಳ ನಡುವೆ ಆಪ್ತವಾಗಿ ಕುಳಿತು ಉಣ್ಣೋಣ, ಮನಸ್ಸು ಬಿಚ್ಚಿ ಮಾತಾಡೋಣ ಎಂದು ಎಲ್ಲರ ಆಶಯ. ಆದುದರಿಂದ ಹೊಸದಾಗಿ ಕಟ್ಟಿದ ಒಂದು ಉಪಾಹಾರಗೃಹದಲ್ಲಿ, ಇಂಥ ಸಂತೋಷಕೂಟಗಳಿಗೆಂದೇ ಮೀಸಲಾದ ಪ್ರತ್ಯೇಕ ಕೋಣೆಯನ್ನು ಗೊತ್ತುಮಾಡಿದೆವು. ಕೋಣೆ ಕಣ್ಣಿಗೆ ಬಹಳ ಸೊಗಸಾಗಿತ್ತು. ಕನ್ನಡಿಯಂತೆ ಹೊಳೆಯುವ ಟೈಲಿನ ನೆಲ, ನುಣುಪಾದ ಗೋಡೆ, ಒಂದು ಪಕ್ಕದುದ್ದಕ್ಕೂ ಗಾಜು, ಗಾಜಿನದೇ ಮೇಜು. ಮೂಲೆಯಲ್ಲೊಂದು ಪೆಟ್ಟಿಗೆಯಿಂದ ಚಲನಚಿತ್ರ ಸಂಗೀತ ಹರಿದು ಬರುತ್ತಿತ್ತು.

ಊಟ ಮೊದಲಾದ ಕಾಲು ಗಂಟೆಯೊಳಗೆ ನಾವೆಲ್ಲರೂ ಕೂಗಾಡುತ್ತಿದ್ದೆವು. ಜಗಳವೇನೂ ಇರಲಿಲ್ಲ, ಎದುರಿನವನಿಗೆ ಕೇಳಿಸಲೆಂದು ಒಬ್ಬನು ದನಿಯೇರಿಸಿದನು, ಅವನನ್ನು ಮೀರಿಸಲು ಮತ್ತೊಬ್ಬನು ಇನ್ನಷ್ಟು ಏರಿಸಿದನು. ಬಡಿಸುವ ಹುಡುಗನು ಬಾಗಿ, “ಸಾರು ಬೇಕೇ?” ಎಂದು ಕೇಳಿದರೆ ಗುರುಗಳು, “ಎಲ್ಲರೂ ಬೇಕಪ್ಪ” ಎಂದರು. ಅವರ ಕಿವಿಗೆ ಅದು “ಯಾರು ಬೇಕು?” ಎಂದು ಕೇಳಿಸಿತ್ತು. ಎಲ್ಲರೂ ನಕ್ಕೆವು, ಅವರೂ ನಕ್ಕರು. ಆದರೆ ಆ ಮೇಲೆ ಅವರು ಹೆಚ್ಚು ಮಾತಾಡಲಿಲ್ಲ. ನಾವು ನಕ್ಕಾಗ ನಗುತ್ತಿದ್ದರು, ತಲೆಯಾಡಿಸುತ್ತಿದ್ದರು, ಎಲೆಯ ಕಡೆ ನೋಡುತ್ತಿದ್ದರು. ರಾತ್ರಿ ಮನೆಗೆ ಮುಟ್ಟಿಸಿದಾಗ ಬಾಗಿಲಲ್ಲಿ ನಿಂತು, “ಅಡಿಗೆ ಚೆನ್ನಾಗಿತ್ತು ತಮ್ಮಾ. ಮಾತು ಮಾತ್ರ ನನ್ನ ಪಾಲಿಗೆ ಬರಲಿಲ್ಲ” ಎಂದರು.

ಯಾರ ಸಲುವಾಗಿ ಔತಣವೋ ಅವರಿಗೇ ಔತಣದ ಮುಖ್ಯ ಭಾಗ ದಕ್ಕಲಿಲ್ಲ. ಧ್ವನಿಶಾಸ್ತ್ರವನ್ನು ವರ್ಷ ವರ್ಷವೂ ಪಾಠ ಹೇಳುವ ನಮಗೆ ಇದು ನಾಚಿಕೆಯ ವಿಷಯವೇ ಸರಿ. ಆ ರಾತ್ರಿಯೇ ಕಾಗದ ಪೆನ್ಸಿಲು ಹಿಡಿದು ಕುಳಿತೆವು.

ಕೋಣೆಯೊಳಗೆ ಒಬ್ಬನು ಮಾತಾಡಿದಾಗ ಶಬ್ದವು ಕೇಳುವವನನ್ನು ಎರಡು ದಾರಿಗಳಿಂದ ಮುಟ್ಟುತ್ತದೆ. ಒಂದು, ಬಾಯಿಯಿಂದ ಕಿವಿಗೆ ನೇರವಾದ ದಾರಿ. ಇನ್ನೊಂದು, ಗೋಡೆ, ನೆಲ, ಮಾಳಿಗೆಗಳಿಗೆ ತಾಗಿ ಮರಳಿ ಬರುವ ಸಾವಿರ ಸುತ್ತುದಾರಿಗಳು. ಮೇಲ್ಮೈ ಗಟ್ಟಿಯಾಗಿ ನುಣುಪಾಗಿದ್ದರೆ ಶಬ್ದದ ಬಹುಪಾಲನ್ನು ಅದು ಹಿಂದಿರುಗಿಸುತ್ತದೆ. ಮೆತ್ತಗೆ ಸರಂಧ್ರವಾಗಿದ್ದರೆ ಹೀರಿಕೊಳ್ಳುತ್ತದೆ. ಮಾತು ನಿಂತ ಮೇಲೂ ಕೋಣೆಯಲ್ಲಿ ಉಳಿದು ಕ್ರಮೇಣ ಕರಗುವ ಈ ಸದ್ದಿಗೆ ಅನುರಣನವೆಂದು ಹೆಸರು. ಅದು ದೀರ್ಘವಾದಷ್ಟೂ ಹಿಂದಿನ ಅಕ್ಷರದ ಬಾಲವು ಮುಂದಿನ ಅಕ್ಷರದ ಮೇಲೆ ಬಿದ್ದು ಮಾತು ಕಲಸಿಹೋಗುತ್ತದೆ.

ಇದನ್ನು ಮೊದಲಿಗೆ ಲೆಕ್ಕಕ್ಕೆ ತಂದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ತರುಣ ಭೌತಶಾಸ್ತ್ರ ಅಧ್ಯಾಪಕ ವ್ಯಾಲೇಸ್ ಸಬೀನ್. ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಮಾತು ತಿಳಿಯುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ 1895ರಲ್ಲಿ ಅವನ ಪಾಲಿಗೆ ಬಂದಿತು. ಅವನ ಉಪಕರಣಗಳೆಂದರೆ ಒಂದು ಆರ್ಗನ್ ಕೊಳವೆ, ಒಂದು ಕಾಲಮಾಪಕ, ತನ್ನ ಕಿವಿ, ಮತ್ತು ಸಮೀಪದ ರಂಗಮಂದಿರದಿಂದ ತಂದ ಆಸನದ ಮೆತ್ತೆಗಳು. ಊರು ಮಲಗಿದ ಮೇಲೆ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಎಷ್ಟು ಮೆತ್ತೆಗೆ ಸದ್ದು ಎಷ್ಟು ಬೇಗ ಅಡಗುತ್ತದೆಂದು ಅಳೆದನು. ಅವನು ಕಂಡುಕೊಂಡ ಸೂತ್ರ ಪ್ರೌಢಶಾಲೆಯ ಹುಡುಗರಿಗೂ ಎಟುಕುವಂಥದು: ಕೋಣೆಯ ಘನಫಲವನ್ನು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ಬರುತ್ತದೆ. ಒಂದು ಚದರ ಮೀಟರಿನ ತೆರೆದ ಕಿಟಕಿಯು ಹೀರಿಕೆಯ ಒಂದು ಮಾನ. ತೆರೆದ ಕಿಟಕಿಯಿಂದ ಹೊರಟ ಶಬ್ದ ಮರಳಿ ಬರುವುದಿಲ್ಲವಷ್ಟೆ.

ನಮ್ಮ ಕೋಣೆಯ ಲೆಕ್ಕವನ್ನು ನೋಡೋಣ. ಉದ್ದ 6 ಮೀಟರು, ಅಗಲ 4, ಎತ್ತರ 3. ಘನಫಲ 72 ಘನಮೀಟರು. ನೆಲ, ಮಾಳಿಗೆ, ಗೋಡೆಗಳೆಲ್ಲ ಸೇರಿ 108 ಚದರ ಮೀಟರು. ಟೈಲು, ಗಾಜು, ಗಾರೆಗಳು ತಮಗೆ ತಾಗಿದ ಶಬ್ದದಲ್ಲಿ ನೂರಕ್ಕೆ ಎರಡು ಮೂರು ಪಾಲನ್ನಷ್ಟೇ ಹೀರುತ್ತವೆ. ಎಂದರೆ ಸುಮಾರು 3 ಮಾನ. ಬಟ್ಟೆ ತೊಟ್ಟ ಮನುಷ್ಯನೇ ಗೋಡೆಗಿಂತ ಒಳ್ಳೆಯ ಹೀರುಗ. ಹನ್ನೆರಡು ಮಂದಿಯಿಂದ ಹೆಚ್ಚುಕಡಿಮೆ 5 ಮಾನ. ಒಟ್ಟು 8. ಸೂತ್ರದಂತೆ ಅನುರಣನದ ಕಾಲ ಸುಮಾರು ಒಂದೂವರೆ ಸೆಕೆಂಡು. ಇಷ್ಟೇ ಗಾತ್ರದ ಪಾಠದ ಕೋಣೆಗೆ 0.6 ಸೆಕೆಂಡನ್ನು ಮೀರಬಾರದೆಂಬುದು ಅಮೆರಿಕದಲ್ಲಿ ಒಪ್ಪಿರುವ ಮಟ್ಟ. ಮತ್ತೊಂದು ಲೆಕ್ಕವಂತೂ ನಮ್ಮನ್ನು ಬೆಚ್ಚಿಬೀಳಿಸಿತು. ಇಂಥ ಕೋಣೆಯಲ್ಲಿ ಮಾತಾಡುವವನಿಂದ ಸುಮಾರು 40 ಸೆಂಟಿಮೀಟರು ದೂರ ಸರಿದರೆ ಸಾಕು, ನೇರವಾಗಿ ಬರುವ ಮಾತಿಗಿಂತ ಗೋಡೆಗಳಿಂದ ಬರುವ ಸದ್ದೇ ಹೆಚ್ಚಾಗುತ್ತದೆ. ಮೇಜಿನ ಅಗಲ ಒಂದು ಮೀಟರು! ಎಂದ ಮೇಲೆ ನಾವು ಎದುರಿನವರೊಡನೆ ಮಾತಾಡುತ್ತಿದ್ದೆವೆಂಬುದು ನಮ್ಮ ಭ್ರಮೆ. ನಾವು ಗೋಡೆಗಳೊಡನೆ ಮಾತಾಡುತ್ತಿದ್ದೆವು.

ಇದರ ಮೇಲೆ ಮನುಷ್ಯಸ್ವಭಾವವೂ ಸೇರಿಕೊಳ್ಳುತ್ತದೆ. ಸುತ್ತಲಿನ ಗದ್ದಲ ಏರಿದಂತೆ ಮಾತಾಡುವವನು ತನಗರಿವಿಲ್ಲದೆಯೇ ದನಿಯೇರಿಸುತ್ತಾನೆಂದು ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲಿ ತೋರಿಸಿದನು. ಹನ್ನೆರಡು ಮಂದಿಯೂ ಹೀಗೆ ಮಾಡಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಗದ್ದಲವಾಗಿ, ಆ ಗದ್ದಲ ಮತ್ತಷ್ಟು ಕೂಗಿಗೆ ಕಾರಣವಾಗುತ್ತದೆ. ಈ ಏಣಿಗೆ ಮೇಲಿನ ಮೆಟ್ಟಿಲೆಂಬುದೇ ಇಲ್ಲ. ಗಂಟಲು ಸೋತಾಗಲೇ ಅದು ಮುಗಿಯುವುದು.

ಹರೆಯದವರು ಇಂಥಲ್ಲಿ ಹೇಗೋ ನಿಭಾಯಿಸುತ್ತಾರೆ. ಹಲವು ದನಿಗಳ ನಡುವಿನಿಂದ ಬೇಕಾದ ಒಂದನ್ನು ಹೆಕ್ಕಿಕೊಳ್ಳುವ ಶಕ್ತಿ ನಮ್ಮ ಕಿವಿ ಮಿದುಳುಗಳಿಗೆ ಇದೆ. ಇದನ್ನು ಇಂಗ್ಲೆಂಡಿನ ಕಾಲಿನ್ ಚೆರಿ 1953ರಲ್ಲಿ ಪ್ರಯೋಗಗಳಿಂದ ವಿವರಿಸಿದನು. ಆದರೆ ವಯಸ್ಸಾದಂತೆ ಈ ಶಕ್ತಿ ಕುಂದುತ್ತದೆ. ಅದಕ್ಕೂ ಮೊದಲು ಏರುಸ್ಥಾಯಿಯ ಧ್ವನಿಗಳು ಕಿವಿಯಿಂದ ಜಾರುತ್ತವೆ. ಸ್ವರಗಳ ಬಲವೆಲ್ಲ ತಗ್ಗಿನ ಕಂಪನಗಳಲ್ಲಿದೆ. ಸ, ಶ ಮುಂತಾದ ವ್ಯಂಜನಗಳದು ಸೆಕೆಂಡಿಗೆ ಮೂರು ಸಾವಿರ ಕಂಪನಗಳನ್ನು ಮೀರಿದ ಎಡೆಯಲ್ಲಿ. ಕಾಲು, ಪಾಲು, ಸಾಲು ಎಂಬ ಮೂರು ಪದಗಳಲ್ಲಿ ಸ್ವರ ಒಂದೇ; ಅರ್ಥವನ್ನು ಬೇರೆಮಾಡುವುದು ಮೊದಲ ವ್ಯಂಜನ ಮಾತ್ರ. ಅದು ಜಾರಿದರೆ ಸಾರು ಯಾರು ಆಗುವುದರಲ್ಲಿ ಆಶ್ಚರ್ಯವೇನು? ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಿವಿಯನ್ನು ಪರೀಕ್ಷಿಸಿ ಶ್ರವಣಸಾಧನವನ್ನು ಸೂಚಿಸುತ್ತಾರೆ. ಅದರಿಂದ ಉಪಕಾರವುಂಟು. ಆದರೆ ಸಾಧನವು ಮಾತಿನ ಜೊತೆಗೆ ಗದ್ದಲವನ್ನೂ ಹಿಗ್ಗಿಸಬಹುದು. ಕೆಟ್ಟ ಕೋಣೆಯನ್ನು ಒಳ್ಳೆಯದಾಗಿಸಲು ಅದಕ್ಕೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ ಲೋಕದಲ್ಲಿ ಸುಮಾರು 150 ಕೋಟಿ ಜನರಿಗೆ ಶ್ರವಣಶಕ್ತಿ ಒಂದಲ್ಲ ಒಂದು ಪ್ರಮಾಣದಲ್ಲಿ ಕುಗ್ಗಿದೆ. ಐದು ಮಂದಿಯಲ್ಲಿ ಒಬ್ಬರೆಂದಾಯಿತು. ಯಾವ ಮನೆಯ ಪಂಕ್ತಿಯಲ್ಲಿ ಅಂಥವರಿಲ್ಲ?

ನಮ್ಮ ಹಿರಿಯರ ಔತಣಗಳನ್ನು ಒಮ್ಮೆ ನೆನೆಯಿರಿ. ಅಂಗಳದಲ್ಲಿ ಅಡಿಕೆ ಮರದ ಕಂಬಗಳ ಚಪ್ಪರ, ಮೇಲೆ ಸೋಗೆ ಹೊದಿಕೆ, ಕೆಳಗೆ ಸೆಗಣಿ ಸಾರಿಸಿದ ನೆಲ. ನಾಲ್ಕು ಬದಿಯೂ ತೆರೆದುದರಿಂದ ಹೋದ ಸದ್ದು ಹೋದಂತೆಯೇ. ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ತಗ್ಗುತ್ತದೆ. ಪಂಕ್ತಿಯಲ್ಲಿ ಪಕ್ಕದವರು ಮೊಳದ ದೂರದಲ್ಲಿ ಕುಳಿತಿರುತ್ತಾರೆ. ನಡುನಡುವೆ ಒಬ್ಬರು ಗ್ರಂಥ ಹೇಳಿದರೆ ಉಳಿದವರು ಕೈ ತಡೆದು ಕೇಳುತ್ತಾರೆ. ಒಂದು ಸಲಕ್ಕೆ ಒಂದೇ ದನಿ. ಅಪ್ಪೆಹುಳಿಯ ರುಚಿಯೂ ಅಜ್ಜನ ಮಾತೂ ಅಲ್ಲಿ ಎಲ್ಲರಿಗೂ ಸಮವಾಗಿ ಸಿಗುತ್ತಿದ್ದುವು. ಹಿಂದಿನದೆಲ್ಲ ಚೆನ್ನು ಎಂಬ ವಾದ ನಮ್ಮದಲ್ಲ. ಮಳೆಗಾಲದಲ್ಲಿ ಆ ಚಪ್ಪರದಡಿ ಕುಳಿತವರಿಗೆ ಅದರ ಕಷ್ಟವೂ ಗೊತ್ತು. ಚಪ್ಪರದ ಗುಣವನ್ನು ಸಿಮೆಂಟಿನ ಕೋಣೆಗೆ ತರಲು ಬರುವುದಿಲ್ಲವೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಬರುತ್ತದೆ. ಅದೇ ಕೋಣೆಯ ಮಾಳಿಗೆಗೆ, ತಾಗಿದ ಶಬ್ದದ ಅರ್ಧವನ್ನು ಹೀರುವ ಮೆತ್ತನೆಯ ಹಲಗೆಗಳನ್ನು ಹೊದಿಸಿದರೆ 12 ಮಾನ; ಗಾಜಿನ ಮುಂದೆ 12 ಚದರ ಮೀಟರಿನ ದಪ್ಪ ಪರದೆಯನ್ನು ನೆರಿಗೆಯಾಗಿ ಇಳಿಬಿಟ್ಟರೆ 6 ಮಾನ. ಒಟ್ಟು ಹೀರಿಕೆ 8ರಿಂದ 26ಕ್ಕೆ ಏರಿ, ಅನುರಣನ ಒಂದೂವರೆ ಸೆಕೆಂಡಿನಿಂದ ಅರ್ಧ ಸೆಕೆಂಡಿನೊಳಕ್ಕೆ ಇಳಿಯುತ್ತದೆ. ಗದ್ದಲ 5 ಡೆಸಿಬೆಲಿನಷ್ಟು ತಗ್ಗುತ್ತದೆ. ತಗ್ಗಿದ ಗದ್ದಲದಲ್ಲಿ ಜನ ತಾವಾಗಿಯೇ ಮೆಲ್ಲಗೆ ಮಾತಾಡುವುದರಿಂದ ಇನ್ನಷ್ಟು ತಗ್ಗುತ್ತದೆ. ನುಣುಪಾದ ನೆಲಗೋಡೆಗಳನ್ನು ತೊಳೆಯುವುದು ಸುಲಭವೆಂದು ಉಪಾಹಾರಗೃಹದವರು ಹೇಳುತ್ತಾರೆ. ಅದು ನ್ಯಾಯವಾದ ಮಾತು. ಆದರೆ ಮಾಳಿಗೆಗೆ ಯಾರೂ ಸಾರು ಚೆಲ್ಲುವುದಿಲ್ಲ. ಇನ್ನು ಸಂಗೀತದ ಪೆಟ್ಟಿಗೆಯನ್ನು ನಿಲ್ಲಿಸುವುದಕ್ಕಂತೂ ಕಾಸಿನ ಖರ್ಚೂ ಇಲ್ಲ. ಕೇಳುವ ಎದೆಗಾರಿಕೆ ಗಿರಾಕಿಗಳಾದ ನಮಗಿರಬೇಕು. ಆ ರಾತ್ರಿ ಅದನ್ನು ನಿಲ್ಲಿಸಿರೆಂದು ಹನ್ನೊಂದು ಶಿಷ್ಯರಲ್ಲಿ ಒಬ್ಬರೂ ಹೇಳಲಿಲ್ಲ. ತಪ್ಪು ಕೋಣೆಯದು ಎಷ್ಟೋ, ನಮ್ಮದೂ ಅಷ್ಟೆ.

ಔತಣದ ಕೋಣೆಯನ್ನು ಗೊತ್ತುಮಾಡುವಾಗ ನಾವು ದೀಪವನ್ನು ನೋಡುತ್ತೇವೆ, ಕುರ್ಚಿಯನ್ನು ನೋಡುತ್ತೇವೆ, ತಿಂಡಿಯ ಪಟ್ಟಿಯನ್ನು ಓದುತ್ತೇವೆ. ಕಿವಿಯಿಂದ ಪರೀಕ್ಷಿಸುವವರು ವಿರಳ. ವಿದ್ಯಾರ್ಥಿ ಮಿತ್ರರು ಇದನ್ನೊಂದು ಪ್ರಯೋಗವಾಗಿ ಮಾಡಬಹುದು. ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿರಿ. ಸದ್ದು ತಟ್ಟನೆ ಅಡಗಿತೋ, ಝಣಝಣಿಸುತ್ತ ಉಳಿಯಿತೋ ಗಮನಿಸಿರಿ. ಮೊಬೈಲ್ ಫೋನಿನಲ್ಲಿ ಅದನ್ನು ದಾಖಲಿಸಿ ಅಡಗಲು ಹಿಡಿದ ಕಾಲವನ್ನೂ ಅಳೆಯಬಹುದು. ನಿಮ್ಮ ತರಗತಿಯಲ್ಲಿ, ಊರಿನ ಸಭಾಭವನದಲ್ಲಿ, ನಿಮ್ಮ ಮನೆಯ ಜಗಲಿಯಲ್ಲಿ ಮಾಡಿ ನೋಡಿ ಹೋಲಿಸಿರಿ. ಸಬೀನನಿಗೆ ಇಷ್ಟು ಸೌಕರ್ಯವಿರಲಿಲ್ಲ. ಅಜ್ಜಿಯ ಹುಟ್ಟುಹಬ್ಬಕ್ಕೆ ಜಾಗವನ್ನು ಆರಿಸುವ ಭಾರ ನಾಳೆ ನಿಮ್ಮ ಮೇಲೆ ಬಿದ್ದಾಗ ಆ ಒಂದು ಚಪ್ಪಾಳೆಯನ್ನು ಮರೆಯಬೇಡಿರಿ.

ಒಂದು ತಿಂಗಳ ತರುವಾಯ ನಾವು ಗೆಳೆಯರು ಗುರುಗಳನ್ನು ಮತ್ತೆ ಕರೆದೆವು. ಈ ಸಲ ಯಲ್ಲಾಪುರದ ಕಡೆಯ ಒಬ್ಬ ಮಿತ್ರನ ಮನೆ, ಅಂಗಳದ ಚಪ್ಪರ. ಗುರುಗಳನ್ನು ನಡುವೆ ಕೂರಿಸಿ, ಒಬ್ಬರು ಮಾತಾಡುವಾಗ ಮತ್ತೊಬ್ಬರು ಮಾತಾಡಬಾರದೆಂದು ಕಟ್ಟುಮಾಡಿಕೊಂಡೆವು. ಹಿಂದಿನ ಔತಣ ಕೆಟ್ಟುದೇಕೆಂದು ನಾವು ವಿವರಿಸತೊಡಗಿ, “ಆ ಕೋಣೆಯಲ್ಲಿ ಪ್ರತಿಧ್ವನಿ ಬಹಳ” ಎಂದೆವು. ಗುರುಗಳು ಕೈಯೆತ್ತಿ ತಡೆದರು.

“ಪ್ರತಿಧ್ವನಿ ಬೇರೆಯಾಗಿ ಕೇಳಿಸಬೇಕಾದರೆ ಗೋಡೆ ಹದಿನೇಳು ಮೀಟರು ದೂರವಾದರೂ ಇರಬೇಕು ತಮ್ಮಾ. ಆರು ಮೀಟರಿನ ಕೋಣೆಯಲ್ಲಿ ಎಲ್ಲಿಂದ ಬಂತು? ಅದು ಅನುರಣನ. ಆಗಲೇ ಪಾಠ ಹೇಳಿದ್ದೆನಲ್ಲ!”

ಅವರಿಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತ್ತು.